ಕರಾವಳಿಯ ರೈಲು ಲೇಔಟಿಗೆ ಯಾವ ಕಾರ್ಖಾನೆ ಕಿಟ್?

ಮಾದರಿ ರೈಲಿನ ಲೇಔಟಿಗೆ, ಅಂದರೆ ಹಲಗೆಯ ಮೇಲೆ ಹಳಿ ಹಾಕಿ ಕಟ್ಟುವ ಪುಟ್ಟ ಊರಿಗೆ, ಕಾರ್ಖಾನೆ ಕಿಟ್ (ಬಿಡಿಭಾಗ ಜೋಡಿಸಿ ಕಟ್ಟುವ ಮಾದರಿ ಕಟ್ಟಡ) ಹುಡುಕುವವರು ಹೆಚ್ಚಾಗಿ ಪೆಟ್ಟಿಗೆಯ ಮೇಲಿನ ಚಿತ್ರಕ್ಕೆ ಮರುಳಾಗುತ್ತಾರೆ. ಕೆಂಪು ಇಟ್ಟಿಗೆಯ ಗೋಡೆ, ಸಾಲು ಕಿಟಕಿ, ಎತ್ತರದ ಚಿಮಿಣಿ, ಎಲ್ಲ ಚಂದವೇ. ಆದರೆ ಅದರ ಪಕ್ಕಕ್ಕೆ ನಮ್ಮ ರೈಲ್ವೆಯ ಮುಚ್ಚಿದ ಸರಕು ವ್ಯಾಗನ್ ಬಿಸಿಎನ್ ಒಂದನ್ನು ತಂದು ನಿಲ್ಲಿಸಿದ ಕೂಡಲೇ ಊರು ತಪ್ಪಿಹೋಗುತ್ತದೆ, ಮಂಗಳೂರೂ ಅಲ್ಲ, ಮಿಲ್ವಾಕಿಯೂ ಅಲ್ಲ. ಹಾಗಾಗಿ ಈ ಹೋಲಿಕೆಯನ್ನು ಕಂಪೆನಿಯ ಹೆಸರಿನಿಂದ ಶುರು ಮಾಡುವುದಿಲ್ಲ. ನಿಮ್ಮ ಹಳಿಯ ಮೇಲೆ ಓಡುವ ವ್ಯಾಗನ್ ಯಾವುದು, ಅದು ಎಲ್ಲಿ ತುಂಬುತ್ತದೆ, ಎಲ್ಲಿ ಖಾಲಿಯಾಗುತ್ತದೆ ಎಂಬುದು ಗೊತ್ತಾದರೆ ಅರ್ಧ ಕಿಟ್‌ಗಳು ತಾವಾಗಿಯೇ ಪಟ್ಟಿಯಿಂದ ಬಿದ್ದುಹೋಗುತ್ತವೆ. ಉಳಿದರ್ಧವನ್ನು ನಮ್ಮ ಮಳೆಗಾಲ ತೀರ್ಮಾನಿಸುತ್ತದೆ.

ಅಳತೆಯ ವಿಷಯ

ನಮ್ಮಲ್ಲಿ ಹೆಚ್ಚಿನವರು ಎಚ್‌ಒದಲ್ಲಿ ಕೆಲಸ ಮಾಡುತ್ತಾರೆ. ಅಂದರೆ 1:87, ನಿಜದ 87ನೇ ಒಂದು ಭಾಗ, ಹಳಿಯ ಅಗಲ 16.5 ಮಿ.ಮೀ. ಭಾರತದ ಬ್ರಾಡ್‌ಗೇಜ್ 1676 ಮಿ.ಮೀ. ಅದನ್ನು 87ರಿಂದ ಭಾಗಿಸಿದರೆ 19 ಮಿ.ಮೀ. ದಾಟುತ್ತದೆ, ಆದ್ದರಿಂದ ಹಳಿಯಲ್ಲಿ ಎಲ್ಲರೂ ರಾಜಿ ಮಾಡಿಕೊಂಡವರೇ. ಕಟ್ಟಡದಲ್ಲಿ ಆ ರಾಜಿ ಬೇಕಾಗಿಲ್ಲ. ಆದರೂ ಪೆಟ್ಟಿಗೆಯ ಮೇಲೆ ಎಚ್‌ಒ ಎಂದಿದ್ದ ಮಾತ್ರಕ್ಕೆ ನಂಬಬೇಡಿ. ಹಳೆಯ ಜರ್ಮನ್ ಕಿಟ್‌ಗಳಲ್ಲಿ ಎಷ್ಟೋ 1:100ರ ಹತ್ತಿರಕ್ಕೆ ಕುಗ್ಗಿಸಿದವು. ಔಹಾಗನ್ ಕಂಪೆನಿಯ ಕೆಲವು ಪೆಟ್ಟಿಗೆಗಳ ಮೇಲೆ ಎಚ್‌ಒ, ಅದಕ್ಕಿಂತ ಚಿಕ್ಕ ಟಿಟಿ (1:120) ಎರಡನ್ನೂ ಬರೆದಿರುತ್ತಾರೆ. ಬ್ರಿಟನ್ನಿನದ್ದು ಒಒ, 1:76, ಅಂದರೆ ಸ್ವಲ್ಪ ದೊಡ್ಡದು. ಪರೀಕ್ಷೆ ಸುಲಭ: ಬಾಗಿಲು ಅಳೆಯಿರಿ. ನಿಜದ 2.1 ಮೀಟರ್ ಬಾಗಿಲು ಎಚ್‌ಒದಲ್ಲಿ 24 ಮಿ.ಮೀ. ಆಗಬೇಕು, ಒಒದಲ್ಲಿ 27ರಿಂದ 28, ಇನ್ನೂ ಚಿಕ್ಕ ಎನ್ ಸ್ಕೇಲಿನಲ್ಲಿ (1:160) 13. ಬಾಗಿಲು 21 ಮಿ.ಮೀ. ಇದ್ದರೆ ಆ ಕಟ್ಟಡ ಹಳಿಯ ಪಕ್ಕಕ್ಕೆ ಬೇಡ, ಹಿಂದಿನ ಸಾಲಿಗೆ ಹಾಕಿ. ಅಲ್ಲಿ ಚಿಕ್ಕದಾದಷ್ಟೂ ದೂರದ ಹಾಗೆ ಕಾಣುತ್ತದೆ, ಒಳ್ಳೆಯದೇ. ಟ್ಯಾಂಕ್, ಚಿಮಿಣಿ, ಸೈಲೊಗಳಂಥ ಬಾಗಿಲಿಲ್ಲದ ವಸ್ತುಗಳಿಗೆ ಯಾವ ಸ್ಕೇಲ್ ಆದರೂ ನಡೆಯುತ್ತದೆ. ಅವುಗಳ ಏಣಿ ಮತ್ತು ಕೈಹಿಡಿ ಕಂಬಿ ಮಾತ್ರ ಎಚ್‌ಒದ್ದಿರಲಿ.

ಇನ್ನು ಉದ್ದ. ಕಲ್ಲಿದ್ದಲು ಸಾಗಿಸುವ ತೆರೆದ ಬಾಕ್ಸ್‌ಎನ್ ವ್ಯಾಗನ್ ಕಪ್ಲರಿನಿಂದ (ಜೋಡಿಸುವ ಕೊಂಡಿ) ಕಪ್ಲರಿಗೆ 10.7 ಮೀಟರ್, ಎಚ್‌ಒದಲ್ಲಿ ಸುಮಾರು 12.3 ಸೆಂ.ಮೀ. ಬಿಸಿಎನ್ ಸುಮಾರು 16.7 ಸೆಂ.ಮೀ. ಪೆಟ್ರೋಲಿಯಂ ಸಾಗಿಸುವ ಬಿಟಿಪಿಎನ್ ಸುಮಾರು 14.3. ಪೂರ್ತಿ ರೇಕ್, ಅಂದರೆ ಒಂದು ಗೂಡ್ಸ್ ರೈಲಿನ 58 ಬಾಕ್ಸ್‌ಎನ್ ಜೋಡಿಸಿದರೆ ಏಳು ಮೀಟರ್ ದಾಟುತ್ತದೆ, ಅದು ಯಾರ ಮನೆಯಲ್ಲೂ ಹಿಡಿಯುವುದಿಲ್ಲ. ಎಂಟು ಹತ್ತು ವ್ಯಾಗನ್‌ಗಳ ರೇಕ್ ಅಂತಲೇ ಇಟ್ಟುಕೊಳ್ಳೋಣ. ಅದರಲ್ಲಿ ಮೂರು ವ್ಯಾಗನ್‌ಗಳಾದರೂ ಒಟ್ಟಿಗೆ ಕಾರ್ಖಾನೆಯ ಎದುರು ನಿಲ್ಲಬೇಕಾದರೆ ಅರ್ಧ ಮೀಟರ್ ಉದ್ದದ ಗೋಡೆ ಬೇಕು. ಮಾರುಕಟ್ಟೆಯ ಬಹುತೇಕ ಕಿಟ್‌ಗಳು 20ರಿಂದ 30 ಸೆಂ.ಮೀ. ಉದ್ದದವು. ವ್ಯಾಗನ್‌ಗಿಂತ ಒಂದು ಗೇಣು ಉದ್ದದ ಕಾರ್ಖಾನೆಗೆ ಇಡೀ ಗೂಡ್ಸ್ ರೈಲು ಯಾಕೆ ಬರುತ್ತದೆ ಎಂದು ನೋಡುವವರಿಗೆ ಅನ್ನಿಸಬಾರದಲ್ಲ?

ನನ್ನ ಮಟ್ಟಿಗೆ ಇದಕ್ಕೆ ಉತ್ತರ ಒಂದೇ. ಒಂದು ದುಬಾರಿ ದೊಡ್ಡ ಕಿಟ್ ತರುವ ಬದಲು ಒಂದೇ ತೆರನ ಎರಡು ಸಣ್ಣ ಕಿಟ್ ತನ್ನಿ. ಅವನ್ನು ಪೆಟ್ಟಿಗೆಯಲ್ಲಿ ಹೇಳಿದ ಹಾಗೆ ಎರಡು ಕಟ್ಟಡ ಮಾಡಬೇಡಿ. ಮುಂದಿನ ಎರಡು ಗೋಡೆ, ಹಿಂದಿನ ಎರಡು ಗೋಡೆ, ನಾಲ್ಕನ್ನೂ ಒಂದೇ ಸಾಲಿನಲ್ಲಿ ನೋಡುವವರ ಕಡೆಗೆ ನಿಲ್ಲಿಸಿ, ಲೇಔಟಿನ ಹಿಂದಿನ ಹಲಗೆಗೆ ಆನಿಸಿ. ನಾಲ್ಕೈದು ಸೆಂ.ಮೀ. ದಪ್ಪದ, ಒಂದು ಮೀಟರ್ ಉದ್ದದ ಕಾರ್ಖಾನೆ ಸಿದ್ಧ.

ಆಟಿಯ ಮಳೆ ತಡೆಯುವುದು ಯಾವುದು?

ಅಮೆರಿಕದ, ಯುರೋಪಿನ ಪತ್ರಿಕೆಗಳಲ್ಲಿ ಬರುವ ಕಿಟ್ ವಿಮರ್ಶೆಗಳು ಒಂದು ವಿಷಯವನ್ನು ಮುಟ್ಟುವುದೇ ಇಲ್ಲ: ವರ್ಷಕ್ಕೆ ಮೂರೂವರೆ ಸಾವಿರ ಮಿ.ಮೀ.ಗಿಂತ ಹೆಚ್ಚು ಮಳೆ ಸುರಿಯುವ ಊರಿನಲ್ಲಿ ಆ ಕಿಟ್ ಹೇಗಿರುತ್ತದೆ ಎಂಬುದು. ಮಂಗಳೂರು, ಉಡುಪಿಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಚರ್ಮದ ಚಪ್ಪಲಿಗೇ ಬೂಸ್ಟು ಬರುತ್ತದೆ. ಕಾಗದ, ಮರದ ಗತಿ ಹೇಳಬೇಕಾಗಿಲ್ಲ.

ಪಾಲಿಸ್ಟೈರೀನ್ ಪ್ಲಾಸ್ಟಿಕ್ ಕಿಟ್ ಈ ಪರೀಕ್ಷೆಯಲ್ಲಿ ಸುಲಭವಾಗಿ ಗೆಲ್ಲುತ್ತದೆ. ನೀರು ಹೀರುವುದಿಲ್ಲ, ಉಬ್ಬುವುದಿಲ್ಲ, ಗೆದ್ದಲಿಗೆ ರುಚಿಯಿಲ್ಲ. ವಾಲ್ದರ್ಸ್ ಕಂಪೆನಿಯ ಕಾರ್ನರ್‌ಸ್ಟೋನ್ ಸರಣಿ, ವುಡ್‌ಲ್ಯಾಂಡ್ ಸೀನಿಕ್ಸ್‌ನವರ ಡಿಪಿಎಂ, ಪೈಕ್‌ಸ್ಟಫ್, ಜರ್ಮನಿಯ ಫಾಲರ್, ಔಹಾಗನ್, ಕಿಬ್ರಿ, ಫೋಲ್ಮರ್ ಮುಖ್ಯವಾಗಿ ಈ ಗುಂಪಿನವು. ಇವುಗಳ ಕೊರತೆ ಹೊಳಪು ಮಾತ್ರ. ಬಣ್ಣ ಹಚ್ಚದೆ ಬಿಟ್ಟರೆ ಆಟಿಕೆಯ ಹಾಗೇ ಕಾಣುತ್ತದೆ. ಮೊದಲ ಕಾರ್ಖಾನೆ ಕಟ್ಟುವವರು ಇದನ್ನು ಬಿಟ್ಟು ಬೇರೆ ಯೋಚಿಸಬೇಡಿ.

ರಟ್ಟಿನ ಕಿಟ್‌ಗಳಲ್ಲಿ ಬ್ರಿಟನ್ನಿನ ಮೆಟ್‌ಕಾಫ್ ಹೆಸರುವಾಸಿ. ಬಣ್ಣ ಮೊದಲೇ ಅಚ್ಚಾಗಿರುತ್ತದೆ, ತೂಕ ಕಡಿಮೆ, ಬೆಲೆಯೂ ಪ್ಲಾಸ್ಟಿಕ್‌ಗಿಂತ ಕಡಿಮೆ. ಸ್ಕೇಲ್‌ಸೀನ್ಸ್‌ನವರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಫೈಲನ್ನೇ ಮಾರುತ್ತಾರೆ. ನಾವು ಪ್ರಿಂಟ್ ತೆಗೆದು ಗ್ರೇ ಬೋರ್ಡಿಗೆ ಅಂಟಿಸಿ ಕತ್ತರಿಸಿಕೊಳ್ಳಬೇಕು, ಬೇಕಾದಷ್ಟು ಸಲ. ಕಸ್ಟಮ್ಸ್ ಇಲ್ಲ, ಅಂಚೆ ಖರ್ಚಿಲ್ಲ, ಬೈಂಡಿಂಗ್ ಅಂಗಡಿಯಲ್ಲಿ ರಟ್ಟು ಸಿಗುತ್ತದೆ. ಹಾಗಿದ್ದರೂ ಕರಾವಳಿಯಲ್ಲಿ ಇದು ಷರತ್ತಿನ ಮೇಲೆ ಮಾತ್ರ ಒಪ್ಪುವ ಆಯ್ಕೆ. ಇಂಕ್‌ಜೆಟ್ ಪ್ರಿಂಟ್ ಬೇಡ, ತೇವಕ್ಕೆ ಶಾಯಿ ಹರಡುತ್ತದೆ. ಲೇಸರ್ ಪ್ರಿಂಟ್ ತೆಗೆಸಿ. ಕತ್ತರಿಸಿದ ಅಂಚಿಗೂ ಒಳಮೈಗೂ ವಾರ್ನಿಷ್ ಹೊಡೆಯಿರಿ. ಹೊರಗೆ ಮಾತ್ರ ಹೊಡೆದು ಒಳಗೆ ಬಿಟ್ಟರೆ ಒಂದು ಬದಿ ತೇವ ಹೀರಿ ಗೋಡೆ ಬಾಗುತ್ತದೆ. ಒಳಗೆ ಮೂಲೆಮೂಲೆಗೂ ಅಡ್ಡಪಟ್ಟಿ ಕೊಡಿ. ಇಷ್ಟೆಲ್ಲ ಮಾಡಿದ ಮೇಲೂ ಸಿಲ್ವರ್‌ಫಿಶ್ ಹುಳಕ್ಕೆ ಅಂಟಿನ ಪಿಷ್ಟ ಪ್ರಿಯ ಎಂಬುದು ನೆನಪಿರಲಿ. ಮೈದಾ ಅಂಟು ಬಳಸಬೇಡಿ, ಫೆವಿಕಾಲ್ ಬಳಸಿ.

ಲೇಸರ್ ಕಟ್ ಮರದ ಕಿಟ್‌ಗಳು ಈಗಿನ ಹೊಸ ಆಕರ್ಷಣೆ. ಹಲಗೆ ಹೊಡೆದ ಗೋಡೆ, ಹಳೆಯ ಗೋದಾಮು, ಮರದ ಗರಗಸ ಮಿಲ್ಲು ಇಂಥವುಗಳಲ್ಲಿ ಪ್ಲಾಸ್ಟಿಕ್ ಇವುಗಳ ಹತ್ತಿರವೂ ಬರುವುದಿಲ್ಲ. ಮರ ನಾರಿನ ಅಡ್ಡಕ್ಕೆ ಉಬ್ಬುತ್ತದೆ, ಉದ್ದಕ್ಕೆ ಅಷ್ಟಾಗಿ ಇಲ್ಲ. ಹಾಗಾಗಿ ತೆಳು ಗೋಡೆ ಬಾಗಿದರೆ ಒಂದೇ ದಿಕ್ಕಿಗೆ ಬಾಗುತ್ತದೆ. ಕೂಡಿಸುವ ಮೊದಲೇ ಎರಡೂ ಮೈಗೆ ಸೀಲರ್ ಕೊಟ್ಟು, ಒಳಗಡೆ ಅಡ್ಡಕ್ಕೆ ದಪ್ಪ ಪಟ್ಟಿ ಹಾಕಿದರೆ ಉಳಿಯುತ್ತದೆ. ಮರದ ನಾರು ಒತ್ತಿ ಮಾಡಿದ ಎಂಡಿಎಫ್ ಹಲಗೆಯನ್ನು ಮಾತ್ರ ನಂಬಬೇಡಿ. ಅಂಚಿನಿಂದ ನೀರು ಕುಡಿದು ಒಮ್ಮೆ ಉಬ್ಬಿದರೆ ಅದು ಮತ್ತೆ ಇಳಿಯುವುದಿಲ್ಲ.

ತ್ರೀಡಿ ಪ್ರಿಂಟ್ ಬಗ್ಗೆ ಉತ್ಸಾಹ ಬೇಕಾದಷ್ಟಿದೆ. ಇಡೀ ಕಟ್ಟಡಕ್ಕೆ ಅದು ನನಗೆ ಒಪ್ಪಿಗೆಯಿಲ್ಲ, ಪದರದ ಗೆರೆ ಉಜ್ಜುವುದರಲ್ಲೇ ಸಮಯ ಹೋಗುತ್ತದೆ. ಕಿಟಕಿ, ಎಕ್ಸಾಸ್ಟ್ ಫ್ಯಾನ್, ಪೈಪ್ ಕವಾಟ, ನೀರಿನ ಟ್ಯಾಂಕ್ ಮುಂತಾದ ಸಣ್ಣ ವಸ್ತುಗಳಿಗೆ ಬಹಳ ಉಪಯೋಗ. ಪಿಎಲ್‌ಎ ಪ್ಲಾಸ್ಟಿಕ್ 60 ಡಿಗ್ರಿಯ ಸುತ್ತ ಮೆತ್ತಗಾಗುತ್ತದೆ, ಆದ್ದರಿಂದ ಏಪ್ರಿಲ್ ತಿಂಗಳಲ್ಲಿ ಬಿಸಿಲಿಗೆ ನಿಲ್ಲಿಸಿದ ಕಾರಿನೊಳಗೆ ಬಿಟ್ಟು ಹೋಗಬೇಡಿ. ರೆಡಿಮೇಡ್ ರೆಸಿನ್ ಕಟ್ಟಡಗಳು, ಉದಾಹರಣೆಗೆ ಬ್ಯಾಕ್‌ಮನ್‌ನವರ ಸೀನ್‌ಕ್ರಾಫ್ಟ್, ಮಳೆಗೆ ಹೆದರುವುದಿಲ್ಲ. ಆದರೆ ಕತ್ತರಿಸಿ ಮಾರ್ಪಡಿಸಲು ಕಷ್ಟ, ತೂಕ ಹೆಚ್ಚು, ಅಂಚೆ ಖರ್ಚು ಅದಕ್ಕಿಂತ ಹೆಚ್ಚು.

ಹಂಚಿನ ಕಾರ್ಖಾನೆ ಬೇಕಾದವರಿಗೆ

ಮಂಗಳೂರಿನ ಲೇಔಟ್ ಎಂದ ಮೇಲೆ ಮೊದಲು ಕೇಳುವ ಪ್ರಶ್ನೆ ಇದೇ. ಬಾಸೆಲ್ ಮಿಷನ್‌ನವರು ಜೆಪ್ಪುವಿನಲ್ಲಿ, ನೇತ್ರಾವತಿಯ ದಡದಲ್ಲಿ, 1865ರಲ್ಲಿ ಮೊದಲ ಹಂಚಿನ ಕಾರ್ಖಾನೆ ಶುರು ಮಾಡಿದರು. ಆಮೇಲೆ ಹೊಯ್ಗೆಬಜಾರ್‌ನಿಂದ ಹಿಡಿದು ಮಲ್ಪೆಯವರೆಗೆ ನದಿ, ಹಿನ್ನೀರಿನ ದಡಗಳಲ್ಲಿ ಚಿಮಿಣಿಗಳು ಎದ್ದವು. ಮಂಗಳೂರಿಗೆ ರೈಲು ಬಂದದ್ದು 1907ರಲ್ಲಿ. ಮಣ್ಣು, ಸೌದೆ, ಹಂಚು ಹೆಚ್ಚಾಗಿ ದೋಣಿಯಲ್ಲೇ ಓಡಾಡುತ್ತಿದ್ದವು. ಹಾಗಾಗಿ ಹಂಚಿನ ಕಾರ್ಖಾನೆಯ ಎದುರು ಕಡ್ಡಾಯವಾಗಿ ಸೈಡಿಂಗ್ (ಸರಕು ತುಂಬುವ ಪಕ್ಕದ ಹಳಿ) ಹಾಕಬೇಕೆಂದಿಲ್ಲ. ಹಳಿಗೂ ನದಿಗೂ ನಡುವೆ ಅದನ್ನು ಕೂರಿಸಿ, ದಡದಲ್ಲಿ ಎರಡು ದೋಣಿ ಕಟ್ಟಿದರೆ ಅದೇ ಹೆಚ್ಚು ನಿಜ.

ಈಗ ಕಿಟ್. ಇಲ್ಲಿ ಅಮೆರಿಕದ ಪೆಟ್ಟಿಗೆಗಳು ಸೋಲುತ್ತವೆ, ಅದಕ್ಕೆ ಕಾರಣ ಗೋಡೆಯಲ್ಲ, ಮಾಡು. ಡಿಪಿಎಂ ಅಥವಾ ಕಾರ್ನರ್‌ಸ್ಟೋನ್‌ನ ಇಟ್ಟಿಗೆ ಕಾರ್ಖಾನೆಗಳಲ್ಲಿ ಹೆಚ್ಚಿನವಕ್ಕೆ ಚಪ್ಪಟೆ ಮಾಡು, ಅದರ ಮೇಲೆ ಟಾರು. ನಮ್ಮ ಮಳೆಗೆ ಹಳೆಯ ಕಾಲದಲ್ಲಿ ಹಾಗೆ ಕಟ್ಟಿದವರು ಯಾರೂ ಇಲ್ಲ. ಬ್ರಿಟನ್ನಿನ ಕಿಟ್‌ಗಳಲ್ಲಿ ಕಪ್ಪು ಸ್ಲೇಟ್ ಕಲ್ಲಿನ ಮಾಡು. ಜರ್ಮನ್ ಕಿಟ್‌ಗಳಲ್ಲಿ ಮಾತ್ರ ಒಂದಕ್ಕೊಂದು ಕಚ್ಚಿಕೊಳ್ಳುವ ಕೆಂಪು ಹಂಚು. ಮಂಗಳೂರು ಹಂಚು ಕೂಡ ಯುರೋಪಿನ ಅದೇ ಕಚ್ಚುಹಂಚಿನ ಮನೆತನದ್ದಾದ್ದರಿಂದ ಈ ಹೋಲಿಕೆ ಆಕಸ್ಮಿಕವಲ್ಲ. ಸುಮಾರು 42 ಸೆಂ.ಮೀ. ಉದ್ದದ ನಮ್ಮ ಹಂಚು ಎಚ್‌ಒದಲ್ಲಿ 5 ಮಿ.ಮೀ.ಗೆ ಸ್ವಲ್ಪ ಕಡಿಮೆ. ಔಹಾಗನ್, ಕಿಬ್ರಿ, ಫೋಲ್ಮರ್‌ಗಳ ಬಿಡಿ ಹಂಚಿನ ಶೀಟ್‌ಗಳಲ್ಲಿ ಈ ಅಳತೆಗೆ ಹತ್ತಿರದ್ದನ್ನು ಆರಿಸಿ. ಹೊಳೆಯುವ ಕಿತ್ತಳೆ ಬಣ್ಣ ಬಿಟ್ಟು ಕಂದು ಮತ್ತು ಪಾಚಿಯ ಕಪ್ಪು ಹಚ್ಚಿ. ಉತ್ತರದ ಬದಿಗೆ ಪಾಚಿ ಸ್ವಲ್ಪ ಜಾಸ್ತಿಯೇ ಇರಲಿ.

ಔಹಾಗನ್‌ನವರ ಬಿಡಿಭಾಗಗಳ ಪದ್ಧತಿ ಈ ಕೆಲಸಕ್ಕೆ ಬಹಳ ಹೊಂದುತ್ತದೆ. ಗೋಡೆ, ಕಂಬ, ಕಿಟಕಿ, ಬಾಗಿಲು, ಎಲ್ಲವೂ ಬೇರೆ ಬೇರೆ ಸಣ್ಣ ಪೊಟ್ಟಣಗಳಲ್ಲಿ ಸಿಗುತ್ತವೆ, ಕೆಂಪು ಮತ್ತು ಹಳದಿ ಇಟ್ಟಿಗೆಯಲ್ಲಿ. ನಿಮಗೆ ಬೇಕಾದ ಉದ್ದಕ್ಕೆ ಕಂಬ, ಗೋಡೆ, ಕಂಬ, ಗೋಡೆ ಎಂದು ಜೋಡಿಸುತ್ತ ಹೋಗಬಹುದು. ವಾಲ್ದರ್ಸ್, ಡಿಪಿಎಂ ಕಡೆಯಿಂದಲೂ ಬಿಡಿ ಗೋಡೆ ಪದ್ಧತಿ ಬಂದಿದೆ, ಆದರೆ ಅದರ ಕಿಟಕಿಗಳ ಅಳತೆಯೂ ಗೋಡೆಯ ಎತ್ತರವೂ ಷಿಕಾಗೊ ಕಡೆಯ ನಾಲ್ಕಂತಸ್ತಿನ ಗಿರಣಿಗೆ ಸರಿ.

ಕಿಟ್‌ನಲ್ಲಿ ಬಂದ ಹಾಗೆ ಬಿಡಬಾರದ ಮೂರು ವಿಷಯಗಳಿವೆ. ಒಂದು, ಜರ್ಮನ್ ಮಾಡು ಬಹಳ ಕಡಿದು. ಅಲ್ಲಿ ಹಿಮ ಜಾರಬೇಕು. ನಮ್ಮ ಶೆಡ್‌ಗಳದ್ದು 30 ಡಿಗ್ರಿಯ ಸುತ್ತ, ಹಾಗಾಗಿ ತ್ರಿಕೋನದ ಗೋಡೆಯನ್ನು ತಗ್ಗಿಸಿ ಕತ್ತರಿಸಬೇಕು. ಎರಡು, ಸೂರು. ಕಿಟ್‌ನಲ್ಲಿ ಸೂರು ಗೋಡೆಯ ಆಚೆಗೆ ಎರಡು ಮೂರು ಮಿ.ಮೀ. ಮಾತ್ರ ಚಾಚಿರುತ್ತದೆ. ನಮ್ಮ ಕಡೆಯ ಮಾಡಿನ ಸೂರು ಮೀಟರ್ ಹೊರಗೆ ಬರುತ್ತದೆ, ಅಂದರೆ 11 ಮಿ.ಮೀ. ಅಡಿಯಲ್ಲಿ ಪಕ್ಕಾಸು, ರೀಪು ತೋರಿಸಲು ಸ್ಟೈರೀನ್ ಕಡ್ಡಿ ಅಂಟಿಸಿ. ನೋಡುವವರ ಕಣ್ಣು ಲೇಔಟಿನ ಮಟ್ಟಕ್ಕೆ ಇಳಿದಾಗ ಅದೇ ಮೊದಲು ಕಾಣುವುದು. ಮೂರನೆಯದು, ಹಂಚು ಒಣಗಿಸುವ ಅಟ್ಟ. ಹಂಚಿನ ಕಾರ್ಖಾನೆಯ ಮೇಲಿನ ಭಾಗ ಇಟ್ಟಿಗೆ ಗೋಡೆಯಲ್ಲ, ಗಾಳಿ ಆಡುವ ಮರದ ಪಟ್ಟಿಗಳು. ಇಟ್ಟಿಗೆ ಗೋಡೆಯನ್ನು ಕೆಳ ಅಂತಸ್ತಿಗೆ ನಿಲ್ಲಿಸಿ, ಮೇಲೆ ಲೇಸರ್ ಕಟ್ ಮರದ ಅಥವಾ ಸ್ಟೈರೀನ್ ಪಟ್ಟಿಗಳ ಜಾಲರಿ ಹಾಕಿ. ಇಲ್ಲಿ ಮರ ಬಳಸಲು ನನ್ನ ಅಭ್ಯಂತರವಿಲ್ಲ, ತುಂಡು ಚಿಕ್ಕದಾದ್ದರಿಂದ ಉಬ್ಬಿದರೂ ಕಾಣುವುದಿಲ್ಲ.

ಮುರಕಲ್ಲಿನ ಗೋಡೆಯೇ ಬೇಕೆಂದು ಹಟ ಹಿಡಿಯುವವರಿಗೆ ಒಂದು ಉಪಾಯ. ಯಾವ ಕಂಪೆನಿಯೂ ಮುರಕಲ್ಲು ಅಚ್ಚು ಮಾಡುವುದಿಲ್ಲ. ಆದರೆ ಎಚ್‌ಒದ ಸುಮಾರು ಎರಡು ಪಟ್ಟಿರುವ ಒ ಸ್ಕೇಲಿನ ಇಟ್ಟಿಗೆ ಶೀಟ್‌ನಲ್ಲಿ ಒಂದು ಇಟ್ಟಿಗೆ ಸುಮಾರು 5 ಮಿ.ಮೀ. ಉದ್ದವಿರುತ್ತದೆ. ಎಚ್‌ಒದ ಲೆಕ್ಕದಲ್ಲಿ ಅದು ಒಂದೂಕಾಲು ಅಡಿಯ ಮುರಕಲ್ಲಿಗೆ ಸರಿಸುಮಾರು ಹೊಂದುತ್ತದೆ. ತೆಳುವಾಗಿ ಪುಟ್ಟಿ ಹಚ್ಚಿ, ಒಣಗುವ ಮೊದಲು ಗಡಸು ಬ್ರಷ್‌ನಿಂದ ಕುಟ್ಟಿದರೆ ಕಲ್ಲಿನ ತೂತುಗಳು ಮೂಡುತ್ತವೆ.

ಚಿಮಿಣಿಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ವಾಲ್ದರ್ಸ್, ಔಹಾಗನ್ ಎರಡೂ ಬಿಡಿಯಾಗಿ ಕೊಡುತ್ತವೆ. ಎತ್ತರದಲ್ಲಿ ಜಿಪುಣತನ ಮಾಡದಿದ್ದರೆ ಸಾಕು.

ಪಾಂಡೇಶ್ವರ ಗೇಟಿನ ಆಚೆ

ಜಾಗ ಕಡಿಮೆ ಇರುವವರಿಗೆ, ಅಂದರೆ ಫ್ಲ್ಯಾಟ್‌ನಲ್ಲಿ ಒಂದು ಉದ್ದ ಶೆಲ್ಫ್ ಮಾತ್ರ ಸಿಗುವವರಿಗೆ, ನಾನು ಸೂಚಿಸುವುದು ಮಂಗಳೂರು ಸೆಂಟ್ರಲ್ ಸ್ಟೇಷನ್ನಿನಿಂದ ಹಳೆಯ ಬಂದರಿನ ಗೂಡ್ಸ್ ಶೆಡ್ಡಿಗೆ ಹೋಗುವ ಹಳಿ. ಪಾಂಡೇಶ್ವರದ ಗೇಟ್ ಹಾಕಿದಾಗ ಸ್ಕೂಟರಿನಲ್ಲಿ ಕಾದು ನಿಂತವರಿಗೆ ಈ ಹಳಿಯ ಮೇಲೆ ಪ್ರೀತಿ ಇರಲಿಕ್ಕಿಲ್ಲ, ಮಾದರಿ ಕಟ್ಟುವವರಿಗೆ ಮಾತ್ರ ಚಿನ್ನ. ಎಂಜಿನ್ ಹಿಂದೆ ಮುಂದೆ ಹೋಗುತ್ತ ಶಂಟಿಂಗ್ ಮಾಡುತ್ತದೆ, ರಸ್ತೆ ಅಡ್ಡ ಬರುತ್ತದೆ, ಎರಡೂ ಬದಿ ಗೋದಾಮು.

ಇಲ್ಲಿ ಪೂರ್ತಿ ಕಟ್ಟಡದ ಕಿಟ್ ಕೊಳ್ಳುವುದು ಹಣ ಹಾಳು. ಮುಂದಿನ ಗೋಡೆ ಮತ್ತು ಒಂದಿಷ್ಟು ಮಾಡು ಮಾತ್ರ ಇರುವ ಹಿನ್ನೆಲೆ ಕಿಟ್‌ಗಳನ್ನು ವಾಲ್ದರ್ಸ್, ಔಹಾಗನ್, ಮೆಟ್‌ಕಾಫ್ ಮೂವರೂ ಮಾಡುತ್ತಾರೆ. ಮೂರರಲ್ಲಿ ಮೆಟ್‌ಕಾಫ್‌ನ ಮೇಲೆ ನನಗೆ ಇಲ್ಲಿ ಒಲವು, ಹಿಂದಿನ ಹಲಗೆಗೆ ಪೂರ್ತಿ ಅಂಟಿಸಿಬಿಡುವುದರಿಂದ ರಟ್ಟು ಬಾಗುವ ಭಯ ಕಡಿಮೆ. ಒಒ ಅಳತೆಯದ್ದಾದ್ದರಿಂದ ಬಾಗಿಲು ಸ್ವಲ್ಪ ದೊಡ್ಡದು, ಆದರೆ ಗೋದಾಮಿನ ಬಾಗಿಲು ದೊಡ್ಡದಿದ್ದರೆ ಯಾರು ಕೇಳುತ್ತಾರೆ? ಸ್ಲೇಟ್ ಮಾಡನ್ನು ಮಾತ್ರ ಕಿತ್ತು, ಮೇಲೆ ಸುಕ್ಕುಗಟ್ಟಿದ ಶೀಟ್ ಹಾಕಿ. ಸಿಮೆಂಟ್ ಶೀಟ್‌ನ ಅಲೆ ತಗಡಿನ ಅಲೆಗಿಂತ ಹೆಚ್ಚುಕಡಿಮೆ ಎರಡು ಪಟ್ಟು ಅಗಲ. ಎಚ್‌ಒದಲ್ಲಿ ತಗಡಿಗೆ 1 ಮಿ.ಮೀ.ಗಿಂತ ಸ್ವಲ್ಪ ಕಡಿಮೆ, ಸಿಮೆಂಟ್ ಶೀಟಿಗೆ ಒಂದೂವರೆ ಮೀರಿ. ಬಂದರಿನ ಹಳೆಯ ಶೆಡ್‌ಗಳಿಗೆ ಎರಡನೆಯದ್ದೇ ಸರಿ.

ಗೂಡ್ಸ್ ಶೆಡ್ಡಿನ ಪ್ಲಾಟ್‌ಫಾರ್ಮ್ ವ್ಯಾಗನ್ನಿನ ನೆಲದ ಮಟ್ಟಕ್ಕೆ ಇರಬೇಕು. ಅಮೆರಿಕದ ಕಿಟ್‌ಗಳ ಪ್ಲಾಟ್‌ಫಾರ್ಮ್ ಅವರ ಬಾಕ್ಸ್‌ಕಾರಿಗೆ (ಮುಚ್ಚಿದ ವ್ಯಾಗನ್) ಅಳೆದದ್ದು. ಅಂಟಿಸುವ ಮೊದಲು ನಿಮ್ಮ ಬಿಸಿಎನ್ ಪಕ್ಕಕ್ಕೆ ಇಟ್ಟು ನೋಡಿ.

ಪಣಂಬೂರು, ಕುತ್ತೆತ್ತೂರು, ಪಡುಬಿದ್ರಿ

ಈಗಿನ ಕಾಲದ ಲೇಔಟಿಗೆ ಅಮೆರಿಕದ ಕಿಟ್‌ಗಳೇ ವಾಸಿ. ಇದುವರೆಗೆ ಅವನ್ನು ಬೈದದ್ದಕ್ಕೆ ಇಲ್ಲಿ ಸರಿದೂಗುತ್ತದೆ. ನವಮಂಗಳೂರು ಬಂದರು 1974ರಲ್ಲಿ ಪ್ರಮುಖ ಬಂದರು ಎಂದು ಘೋಷಣೆಯಾದ ಮೇಲೆ ಅದರ ಸುತ್ತ ಬೆಳೆದ ಉದ್ದಿಮೆಗಳ ಕಟ್ಟಡಗಳಿಗೆ ಊರು ಎಂಬುದಿಲ್ಲ. ಉಕ್ಕಿನ ಚೌಕಟ್ಟು, ತಗಡಿನ ಗೋಡೆ, ಪೈಪು. ಹ್ಯೂಸ್ಟನ್ನಿನಲ್ಲೂ ಅದೇ, ಕುತ್ತೆತ್ತೂರಿನ ರಿಫೈನರಿ ಎಂಆರ್‌ಪಿಎಲ್‌ನಲ್ಲೂ ಅದೇ.

ಗೊಬ್ಬರದ ಕಾರ್ಖಾನೆಯ ಚೀಲ ತುಂಬುವ ಶೆಡ್ ಬೇಕಿದ್ದರೆ ಪೈಕ್‌ಸ್ಟಫ್‌ನ ತಗಡು ಕಟ್ಟಡಗಳನ್ನು ಎರಡು ಮೂರು ಉದ್ದಕ್ಕೆ ಜೋಡಿಸಿ. ಕಣ್ಣಿಗೆ ಬೀಳುವಂಥದ್ದೇನಲ್ಲ, ಬೀಳಬೇಕಾಗಿಯೂ ಇಲ್ಲ. ಬಿಸಿಎನ್ ಸಾಲಿಗೆ ಅದೇ ಸರಿಯಾದ ಜೊತೆ.

ಪೆಟ್ರೋಲಿಯಂ ಹೆಚ್ಚು ಸ್ವಾರಸ್ಯದ್ದು. ಇಲ್ಲಿ ಎಲ್ಲರೂ ಮೊದಲು ಟ್ಯಾಂಕ್ ಕಿಟ್ ಕೊಳ್ಳುತ್ತಾರೆ, ಅದು ಬೇಡ. 40 ಮೀಟರ್ ವ್ಯಾಸದ ಟ್ಯಾಂಕ್ ಎಚ್‌ಒದಲ್ಲಿ 46 ಸೆಂ.ಮೀ. ಆಗುತ್ತದೆ, ಯಾವ ಕಿಟ್ಟೂ ಅಷ್ಟು ದೊಡ್ಡದಿಲ್ಲ. ಸಣ್ಣ ಟ್ಯಾಂಕ್ ಸಾಕೆಂದರೆ ಹಾರ್ಡ್‌ವೇರ್ ಅಂಗಡಿಯ ಪಿವಿಸಿ ಪೈಪ್ ಇದೆ: 110 ಮಿ.ಮೀ. ಪೈಪ್ ಅಂದರೆ ಒಂಬತ್ತೂವರೆ ಮೀಟರ್ ವ್ಯಾಸದ ಟ್ಯಾಂಕ್, 160 ಮಿ.ಮೀ. ಅಂದರೆ 14 ಮೀಟರ್ ಹತ್ತಿರ. ದೊಡ್ಡದನ್ನು ಹಿಂದಿನ ಹಲಗೆಗೆ ಆನಿಸಿ ವೃತ್ತದ ಒಂದು ಭಾಗ ಮಾತ್ರ ತೋರಿಸಿ. ಉಳಿದ ಹಣವನ್ನು ವಾಲ್ದರ್ಸ್‌ನ ಪೈಪಿಂಗ್ ಕಿಟ್, ಮೆಟ್ಟಿಲು, ಏಣಿ, ಕೈಹಿಡಿ ಕಂಬಿಗಳಿಗೆ ಹಾಕಿ. ರಿಫೈನರಿ ರಿಫೈನರಿಯ ಹಾಗೆ ಕಾಣುವುದು ಪೈಪಿನಿಂದ. ಬಿಟಿಪಿಎನ್ ತುಂಬುವ ಗ್ಯಾಂಟ್ರಿಯನ್ನು (ಹಳಿಯ ಮೇಲಿನ ಪೈಪುಗಳ ಅಟ್ಟಣೆ) ಕಿಟ್‌ನಲ್ಲಿ ಬಂದದ್ದಕ್ಕಿಂತ ಮೂರು ನಾಲ್ಕು ಪಟ್ಟು ಉದ್ದ ಮಾಡಿ. ನಮ್ಮಲ್ಲಿ ಇಡೀ ರೇಕನ್ನು ಸಾಲಾಗಿ ನಿಲ್ಲಿಸಿ ತುಂಬುತ್ತಾರೆ, ಅಮೆರಿಕದ ಕಿಟ್ ಒಂದೋ ಎರಡೋ ಟ್ಯಾಂಕರಿಗೆ ಅಳೆದದ್ದು. ಕೊಂಕಣ ರೈಲ್ವೆ 2022ರಲ್ಲಿ ಪೂರ್ತಿ ವಿದ್ಯುದೀಕರಣವಾಯಿತು ಎಂದು ಹುರುಪಿನಲ್ಲಿ ಎಲ್ಲ ಕಡೆ ತಂತಿ ಎಳೆಯುವವರು ಗ್ಯಾಂಟ್ರಿಯ ಅಡಿ ಮಾತ್ರ ಬಿಡಬೇಕು. ಪೆಟ್ರೋಲ್ ತುಂಬುವ ಜಾಗದಲ್ಲಿ 25,000 ವೋಲ್ಟ್ ತಂತಿ ಇರುವುದಿಲ್ಲ, ಡೀಸೆಲ್ ಎಂಜಿನ್ ಬೇಕು.

ಕಲ್ಲಿದ್ದಲಿಗೆ ಬಂದರೆ ಒಂದು ಎಚ್ಚರಿಕೆ. ಬಂದರಿನಿಂದ ಪಡುಬಿದ್ರಿ ಬಳಿಯ ವಿದ್ಯುತ್ ಸ್ಥಾವರಕ್ಕೆ ಕಲ್ಲಿದ್ದಲು ರೈಲಿನಲ್ಲೇ ಹೋಗುತ್ತದೆ ಎಂದು ಆ ದೃಶ್ಯ ಕಟ್ಟಲು ಹೊರಡುವವರು ಅಮೆರಿಕದ ಕಲ್ಲಿದ್ದಲು ಇಳಿಸುವ ಕಿಟ್ ತರುತ್ತಾರೆ. ಅದರಲ್ಲಿ ಹಳಿಯ ಅಡಿಯಲ್ಲಿ ಗುಂಡಿ ಇರುತ್ತದೆ, ಹಾಪರ್ ವ್ಯಾಗನ್ನಿನ ತಳ ತೆರೆದು ಸುರಿಯುವ ವ್ಯವಸ್ಥೆ. ಬಾಕ್ಸ್‌ಎನ್‌ಗೆ ತಳದಲ್ಲಿ ಬಾಗಿಲೇ ಇಲ್ಲ. ಅದನ್ನು ಟಿಪ್ಲರ್‌ನಲ್ಲಿ ಹಿಡಿದು ಮಗುಚುತ್ತಾರೆ. ಗುಂಡಿಯ ಕಿಟ್ ತಂದರೆ ಅದರ ಜೊತೆಗೆ ತಳ ತೆರೆಯುವ ಬಿಒಬಿಆರ್ ವ್ಯಾಗನ್‌ಗಳೂ ಬೇಕು. ಬಾಕ್ಸ್‌ಎನ್ ಮಾತ್ರ ಇರುವವರು ಟಿಪ್ಲರನ್ನು ಮುಚ್ಚಿದ ತಗಡಿನ ಶೆಡ್ ಒಳಗೆ ಅಡಗಿಸಿ, ಹೊರಗೆ ಕನ್ವೇಯರ್ ಮಾತ್ರ ತೋರಿಸಿ.

ಬ್ಲಾಸ್ಟ್ ಫರ್ನೇಸ್ (ಕಬ್ಬಿಣ ಕರಗಿಸುವ ಕುಲುಮೆ) ಕಿಟ್ ಬಗ್ಗೆಯೂ ಕೇಳುವವರಿದ್ದಾರೆ, ಪಣಂಬೂರಿನಲ್ಲಿ ಕುದುರೆಮುಖ ಅದಿರು ಕಂಪೆನಿ ಕೆಐಒಸಿಎಲ್‌ನದ್ದೊಂದು ಇದೆಯಲ್ಲ ಎಂದು. ವಾಲ್ದರ್ಸ್‌ನದ್ದು ಅದ್ಭುತ ಕಿಟ್, ನಿಜ. ಆದರೆ ಊಟದ ಮೇಜಿನಷ್ಟು ಜಾಗ ಅದೊಂದಕ್ಕೇ ಹೋಗುತ್ತದೆ, ಹಳಿಗೆ ಮತ್ತೆ ಜಾಗ ಎಲ್ಲಿ? ಪೆಲೆಟ್ (ಅದಿರಿನ ಉಂಡೆ) ರಾಶಿ, ಎರಡು ಕನ್ವೇಯರ್ ಕಿಟ್, ಒಂದು ಎತ್ತರದ ಟ್ರಾನ್ಸ್‌ಫರ್ ಗೋಪುರ ಇದ್ದರೆ ಪಣಂಬೂರು ಅನ್ನಿಸಲು ಸಾಕು.

ಎನ್ ಸ್ಕೇಲಿನವರಿಗೆ ಈ ಭಾಗದಲ್ಲಿ ದೊಡ್ಡ ಲಾಭವಿದೆ. ಅದೇ 40 ಮೀಟರ್ ಟ್ಯಾಂಕ್ ಅವರಿಗೆ 25 ಸೆಂ.ಮೀ. ಮಾತ್ರ. ಜಪಾನಿನ ಟೊಮಿಟೆಕ್, ಕ್ಯಾಟೊ ಕಟ್ಟಡಗಳು 1:150ರವು, ಬಣ್ಣ ಹಚ್ಚಿಯೇ ಬರುತ್ತವೆ. ಆದರೆ ಭಾರತೀಯ ವ್ಯಾಗನ್‌ಗಳು ಎಚ್‌ಒದಲ್ಲಿ ಸಿಗುವಷ್ಟು ಎನ್‌ನಲ್ಲಿ ಸಿಗುವುದಿಲ್ಲವಾದ್ದರಿಂದ ನಾನು ಅತ್ತ ಹೋಗಲು ಯಾರನ್ನೂ ಒತ್ತಾಯಿಸುವುದಿಲ್ಲ.

ಹೊಸದು ಎಂಬ ಚೀಟಿ, ತರಿಸುವ ಖರ್ಚು

ಪ್ರತಿ ವರ್ಷ ಹೊಸ ಕಿಟ್ ಎಂದು ಬರುವವುಗಳಲ್ಲಿ ಒಂದಷ್ಟು ಹಳೆಯ ಅಚ್ಚೇ. ಬಣ್ಣ ಬೇರೆ, ಹೆಸರಿನ ಚೀಟಿ ಬೇರೆ, ಜೊತೆಗೆ ಒಂದು ಹೊಸ ಶೆಡ್. ಫೋಲ್ಮರ್ 2014ರಲ್ಲಿ ತಾನಾಗಿ ಮಾಡುವುದನ್ನು ನಿಲ್ಲಿಸಿದ ಮೇಲೆ ಅದರ ಅಚ್ಚುಗಳು ಫೀಸ್‌ಮನ್ ಕಂಪೆನಿಗೆ ಹೋದವು, ಕಿಬ್ರಿ ಅದಕ್ಕೂ ಮೊದಲೇ ಅಲ್ಲಿಗೆ ಸೇರಿತ್ತು. ಹಳೆಯ ಅಚ್ಚು ಎಂದರೆ ಕೆಟ್ಟದ್ದು ಎಂದಲ್ಲ. ಆದರೆ ಹೊಸದರ ಬೆಲೆ ಕೊಡುವ ಮೊದಲು ತಳದ ಅಳತೆ ಮತ್ತು ಕಿಟಕಿಗಳ ಸಾಲನ್ನು ಹಳೆಯ ಕ್ಯಾಟಲಾಗ್ ಜೊತೆ ಹೋಲಿಸಿ ನೋಡಿ. ನಿಜಕ್ಕೂ ಹೊಸ ಅಚ್ಚಾಗಿದ್ದರೆ ಕಿಟಕಿ ಚೌಕಟ್ಟು ತೆಳ್ಳಗಿರುತ್ತದೆ, ಗೋಡೆಯ ಮೂಲೆಗಳು ಉಜ್ಜದೆಯೇ ಕೂಡುತ್ತವೆ.

ಆಮದು ಸುಂಕ ಸಣ್ಣ ಮಾತಲ್ಲ. ಆಟಿಕೆಗಳ ಮೇಲಿನ ಸುಂಕ 2020ರ ಬಜೆಟ್ಟಿನಲ್ಲಿ ಶೇಕಡಾ 20ರಿಂದ 60ಕ್ಕೆ, 2023ರಲ್ಲಿ 70ಕ್ಕೆ ಏರಿತು. ಸ್ಕೇಲ್ ಮಾದರಿಗಳೂ ಕಸ್ಟಮ್ಸ್ ಪಟ್ಟಿಯಲ್ಲಿ ಆಟಿಕೆಗಳ ಅದೇ ತಲೆಬರಹದ ಅಡಿ ಬರುತ್ತವೆ. ಅದರ ಮೇಲೆ ಜಿಎಸ್‌ಟಿ, ಕೊರಿಯರ್‌ನವರ ಶುಲ್ಕ. ತರಿಸುವ ಮೊದಲು ಆ ದಿನದ ದರ ನೋಡಿಕೊಳ್ಳಿ. ನಮ್ಮ ಊರಿನಲ್ಲಿ ಗಲ್ಫ್‌ನಲ್ಲಿ ಒಬ್ಬ ಬಾವನೋ ಅಣ್ಣನೋ ಇಲ್ಲದ ಮನೆ ಕಡಿಮೆ. ಅವರ ಸೂಟ್‌ಕೇಸ್‌ನಲ್ಲಿ ತರಿಸುವುದಾದರೆ ಪೆಟ್ಟಿಗೆ ಬಿಸಾಡಿ ಒಳಗಿನ ಚೌಕಟ್ಟುಗಳನ್ನು ಬಟ್ಟೆಯ ನಡುವೆ ಚಪ್ಪಟೆಯಾಗಿ ಇಡಲು ಹೇಳಿ, ಕಿಟ್ ಪೆಟ್ಟಿಗೆಯಲ್ಲಿ ಅರ್ಧ ಗಾಳಿ. ಪ್ಲಾಸ್ಟಿಕ್ ಸಿಮೆಂಟ್, ಸ್ಪ್ರೇ ಬಣ್ಣ ಮಾತ್ರ ಹೇಳಬೇಡಿ. ಅವು ಬೆಂಕಿ ಹಿಡಿಯುವ ವಸ್ತುಗಳು, ವಿಮಾನದಲ್ಲಿ ಬಿಡುವುದಿಲ್ಲ.

ಸ್ಥಳೀಯವಾಗಿ ಮಾಡಿಸಿಕೊಳ್ಳುವ ದಾರಿಯೂ ಇದೆ, ಅದನ್ನು ಎರಡನೆಯ ದರ್ಜೆಯದೆಂದು ತಿಳಿಯಬೇಡಿ. ನಾಮಫಲಕ, ಟ್ರೋಫಿ ಮಾಡುವ ಅಂಗಡಿಗಳಲ್ಲಿ ಲೇಸರ್ ಯಂತ್ರವಿದೆ. ಗೋಡೆಯ ನಕ್ಷೆ ಫೈಲಿನಲ್ಲಿ ಕೊಟ್ಟರೆ ಅಕ್ರಿಲಿಕ್‌ನಲ್ಲಿ ಕಿಟಕಿ ಸಮೇತ ಕತ್ತರಿಸಿಕೊಡುತ್ತಾರೆ. ಫ್ಲೆಕ್ಸ್ ಅಂಗಡಿಯ ಸನ್‌ಬೋರ್ಡ್ (ಪಿವಿಸಿ ಫೋಮ್ ಹಲಗೆ) ಕೈಯಲ್ಲೇ ಕತ್ತರಿಸಲು ಸುಲಭ, ಮಳೆಗೂ ಜಗ್ಗುವುದಿಲ್ಲ. ಅದನ್ನು ಲೇಸರ್‌ಗೆ ಕೊಡಬೇಡಿ, ಪಿವಿಸಿ ಸುಟ್ಟರೆ ವಿಷದ ಹೊಗೆ ಬರುತ್ತದೆ, ತಿಳಿದ ಅಂಗಡಿಯವರು ತಾವೇ ಒಪ್ಪುವುದಿಲ್ಲ. ಹಿಪ್ಸ್ (ಗಟ್ಟಿ ಪಾಲಿಸ್ಟೈರೀನ್) ಶೀಟ್ ಸಿಕ್ಕರೆ ಇನ್ನೂ ಒಳ್ಳೆಯದು, ಅದು ಕಿಟ್‌ನ ಪ್ಲಾಸ್ಟಿಕ್ ಜಾತಿಯದ್ದೇ, ಅದೇ ಸಿಮೆಂಟಿಗೆ ಹಿಡಿಯುತ್ತದೆ. ಬರೇ ಚಪ್ಪಟೆ ಗೋಡೆಗೆ ವಿದೇಶದಿಂದ ಕಿಟ್ ತರಿಸುವುದು ಬೇಡ. ಕಿಟಕಿ, ಹಂಚು, ಏಣಿ, ಪೈಪು ತರಿಸಿ.

ಅಂಟು ಮತ್ತು ಬಣ್ಣ

ಫೆವಿಕ್ವಿಕ್ ಮಳೆಗಾಲದಲ್ಲಿ ಬೇಗ ಹಿಡಿಯುತ್ತದೆ, ಆದರೆ ಅದರ ಆವಿ ಪಕ್ಕದ ಮೈಮೇಲೆ ಬಿಳಿ ಮಬ್ಬಾಗಿ ಕೂರುತ್ತದೆ. ಕಿಟಕಿಯ ಗಾಜಿನ ಹತ್ತಿರ ಅದು ಬೇಡ, ಅಲ್ಲಿಗೆ ಫೆವಿಕಾಲ್ ಸಾಕು. ಮ್ಯಾಟ್ ವಾರ್ನಿಷ್ ಸ್ಪ್ರೇ ಕೂಡ ತೇವದ ಗಾಳಿಯಲ್ಲಿ ಬೆಳ್ಳಗಾಗುತ್ತದೆ. ಕೂಡಿಸುವ ಕೆಲಸ ಮಳೆಗಾಲದಲ್ಲಿ ಮಾಡಿ, ಸ್ಪ್ರೇ ಕೆಲಸವನ್ನು ಡಿಸೆಂಬರ್‌ನಿಂದ ಫೆಬ್ರವರಿಗೆ ಇಟ್ಟುಕೊಳ್ಳಿ.

ಕಿಟ್ಟೇ ಬೇಡದ ಉದ್ದಿಮೆ

ಇಷ್ಟೆಲ್ಲ ಲೆಕ್ಕ ಹಾಕಿ ಹಣ ಸಾಲದು ಎನ್ನುವವರಿಗೆ ಸುರತ್ಕಲ್ ಇದೆ. ಲಾರಿಗಳನ್ನು ಸರಕಿನ ಸಮೇತ ಚಪ್ಪಟೆ ವ್ಯಾಗನ್ ಮೇಲೆ ಹತ್ತಿಸಿ ಸಾಗಿಸುವ ರೋ-ರೋ ಸೇವೆಯನ್ನು ಕೊಂಕಣ ರೈಲ್ವೆ 1999ರಲ್ಲಿ ಕೋಲಾಡ್ ಮತ್ತು ವೆರ್ಣ ನಡುವೆ ಶುರು ಮಾಡಿತು, ಆಮೇಲೆ ಅದು ಸುರತ್ಕಲ್‌ವರೆಗೆ ಬಂತು. ಇದಕ್ಕೆ ಬೇಕಾದದ್ದು ಒಂದು ಕೊನೆಗೊಳ್ಳುವ ಹಳಿ, ಅದರ ತುದಿಗೆ ಸನ್‌ಬೋರ್ಡಿನ ಒಂದು ಇಳಿಜಾರು, ಸುತ್ತ ಮಣ್ಣಿನ ಅಂಗಳ, ಒಂದು ಚಹಾ ಅಂಗಡಿ. 1:87 ಲಾರಿಗಳನ್ನು ಮಾತ್ರ ಹುಡುಕಿ, ಆಟಿಕೆ ಅಂಗಡಿಯ 1:64 ಲಾರಿ ವ್ಯಾಗನ್ನಿನ ಹೊರಗೆ ಚಾಚುತ್ತದೆ. ಎಂಜಿನ್ ಇಳಿಜಾರಿನ ಎದುರು ತುದಿಗೆ ಬರಬೇಕು. ಇಲ್ಲದಿದ್ದರೆ ಲಾರಿ ಹತ್ತಲು ದಾರಿಯಿಲ್ಲ. ಆದ್ದರಿಂದ ಹಳಿ ಹಾಕುವಾಗಲೇ ಎಂಜಿನ್ ಸುತ್ತಿ ಬರಲು ಒಂದು ಲೂಪ್ ಬಿಟ್ಟುಕೊಳ್ಳಿ.